ಪುಕ್ಕಟೆ ನೋಡಿಸೂದ ಭಾಳ ತುಟ್ಟಿ

ನಮ್ಮ ಮನ್ಯಾಗಿನ ಕಂಪ್ಯೂಟರ್ ಸತ್ತೈತಿ ಅಂತ ಮೂರು ದಿನ ನಾವೆಲ್ಲಾರೂ ನಂಬಿದ್ವಿ. ನಾಕನೇ ದಿನ ಅದು ಸತ್ತಿಲ್ಲ ಅಂತ ಮೊದಲ ಸುಳಿವು ಕೊಟ್ಟವ್ರು ನಮ್ಮ ಅತ್ತಿ. ಅವ್ರಿಗೆ ಎಪ್ಪತ್ತೆಂಟು ವರ್ಷ. ಒಂದು ಕಣ್ಣು ಪೂರಾ ಹೋಗೈತಿ, ಇನ್ನೊಂದರಾಗ ಬೆಳಕು-ಕತ್ತಲಿ ಅಷ್ಟ ಗೊತ್ತಾಗತೈತಿ. ಪಡದೆ ಮ್ಯಾಲೆ ಏನು ಮೂಡತೈತಿ ಅನ್ನೂದನ್ನ ಅವ್ರು ಯಾವತ್ತೂ ಕಂಡವ್ರ ಅಲ್ಲ. ಹಿಂಗಾಗಿ ಪಡದೆ ಕಪ್ಪಾಗಿದ್ದು ಅವ್ರಿಗೆ ದೊಡ್ಡ ಸುದ್ದಿನೂ ಆಗಿರಲಿಲ್ಲ.

ಇದನ್ನ ಮೊದಲಿಂದ ಹೇಳ್ತೀನಿ, ಯಾಕಂದ್ರ ಇದು ಬರೇ ಒಂದು ಯಂತ್ರ ಕೆಟ್ಟ ಕತಿ ಅಲ್ಲ. ರಿಪೇರಿ ಅಂಗಡಿಯವ್ರ ಕೂಡ ನಾವು ಹೆಂಗ ನಡಕೋತೀವಿ, ಅವ್ರು ನಮ್ಮ ಕೂಡ ಹೆಂಗ ನಡಕೋತಾರ ಅನ್ನೂದರ ಬಗ್ಗೆ ನನಗೊಂದು ತಕರಾರು ಐತಿ. ತಕರಾರಿನ್ಯಾಗ ಅರ್ಧ ಪಾಲು ನಮ್ಮ ಮ್ಯಾಲೇನ ಐತಿ, ಅದನ್ನೂ ಹೇಳ್ತೀನಿ.

ಕುಂದಗೋಳದ ಕಡೆಯವ್ರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಮೆಣಸಿನಕಾಯಿ ಬಿಡಿಸೋ ಹೊತ್ತಿನ್ಯಾಗ ನಮ್ಮ ಮನಿಗೋಳು ಮನಿ ಆಗಿರಂಗಿಲ್ಲ, ಗೋದಾಮ ಆಗಿರ್ತಾವ. ಬ್ಯಾಡಗಿ ಪ್ಯಾಟಿಗೆ ಹೋಗೂ ತನಕ ಚೀಲಾ ಎಲ್ಲಾ ಪಡಸಾಲ್ಯಾಗ. ಸೀನು, ಕೆಮ್ಮು, ಮತ್ತ ಸೀನು. ಈ ವರ್ಷ ಚೀಲಕ್ಕ ಜಾಗಾ ಸಾಲದ, ಪಡಸಾಲಿ ಮೂಲ್ಯಾಗಿದ್ದ ಕಂಪ್ಯೂಟರನ್ನ ಒಳಗಿನ ಖೋಲಿಗೆ ಎತ್ತಿ ಇಟ್ವಿ. ಎತ್ತಿದ್ದೇನು, ನಮ್ಮ ಮನಿಯವರೂ ಒಬ್ಬ ಹಮಾಲ ಹುಡುಗನೂ ಕೂಡಿ ಮೆಣಸಿನಕಾಯಿ ಚೀಲ ಇಳಿಸಿದಂಗ ದಬಕ್ಕನ ಇಳಿಸಿದ್ರು. ಆವಾಗ ಯಾರಿಗೂ ಏನೂ ಅನ್ನಿಸಲಿಲ್ಲ.

ಮರುದಿನ ಮಗಳು ಗುಂಡಿ ಒತ್ತಿದ್ಲು. ದೀಪ ಹತ್ತಿತು, ಒಳಗ ಫ್ಯಾನ್ ಗುಂಯ್ ಅಂತು, ಪಡದೆ ಮಾತ್ರ ಕಪ್ಪು. ಒಂದೆರಡು ಸೆಕೆಂಡ್ ‘ನೋ ಸಿಗ್ನಲ್’ ಅಂತ ಒಂದು ಸಣ್ಣ ಪಟ್ಟಿ ತೇಲಿ ಬಂತು, ಮಾಯ ಆತು. ಆಮ್ಯಾಲೆ ಅಮಾವಾಸಿ.

ಈ ಕಂಪ್ಯೂಟರ್ 2015ರಾಗ ಹುಬ್ಬಳ್ಳ್ಯಾಗ ಒಂಬತ್ತು ಸಾವಿರಕ್ಕ ತಂದ ಹಳೇ ಮಾಲು. ಲೆಕ್ಕ ಬರಿಯಾಕ, ಮಗಳ ಅಭ್ಯಾಸಕ್ಕ, ಪಹಣಿ ಪ್ರಿಂಟ್ ತಗಿಯಾಕ ಅಂತ ಮನ್ಯಾಗ ಉಳಕೊಂಡಿತ್ತು. ಅದು ಹೋದ್ರ ಹೋತು ಅನ್ನಬಹುದಾಗಿತ್ತು. ಆದ್ರ ಅದರಾಗ ನಮ್ಮ ಅತ್ತಿ ಹಾಡಿದ ನಲವತ್ತಮೂರು ಹಾಡು ಇದ್ವು. ಬೀಸೂ ಪದ, ಸೋಬಾನ ಪದ, ತೊಟ್ಟಿಲ ಪದ. 2020ರಾಗ ಎಲ್ಲಾ ಬಂದಾಗಿ ಮನ್ಯಾಗ ಕುಂತಾಗ ಮಗಳು ದಿನಕ್ಕ ಒಂದೊಂದರಂಗ ಫೋನಿನ್ಯಾಗ ಹಿಡಿದು ಕಂಪ್ಯೂಟರಿಗೆ ಹಾಕಿಟ್ಟಿದ್ಲು. ಆ ಫೋನ್ ಮುಂದ ಒಂದು ದಿನ ದನಕ್ಕ ನೀರು ಕುಡಿಸೋ ದೋಣ್ಯಾಗ ಬಿತ್ತು. ಬ್ಯಾರೆ ಕಡೆ ಎಲ್ಲೂ ಪ್ರತಿ ಇರಲಿಲ್ಲ. ಅತ್ತಿಗೆ ಈಗ ದಮ್ಮು, ಒಂದು ನುಡಿ ಹಾಡೂದ್ರಾಗ ಮೂರು ಸಲ ಉಸಿರು ತಗೋತಾರ. ಹೊಸದಾಗಿ ಹಾಡಿಸೂದು ಆಗೂ ಮಾತಲ್ಲ.

ಇಷ್ಟಿದ್ರೂ ನಾವು ಮಾಡಿದ ಕೆಲಸ ಏನು ಕೇಳ್ರಿ. ಪಡದೆ ಹೋಗೈತಿ ಅಂದ್ವಿ. ನೋಡೂದು ಪಡದೆ, ಕಾಣಲಿಲ್ಲ ಅಂದ್ರ ಕೆಟ್ಟಿದ್ದೂ ಪಡದೆ! ಇದು ಎಲ್ಲಾರೂ ಮಾಡೋ ತಪ್ಪು. ಒಂದು ಗಳಿಗಿ ವಿಚಾರ ಮಾಡಿದ್ರ ಸಾಕಿತ್ತು. ‘ನೋ ಸಿಗ್ನಲ್’ ಅಂತ ಬರದು ತೋರಿಸಿದ್ದು ಯಾರು? ಆ ಪಡದೇನ ಅಲ್ಲೇನು? ‘ನಾ ಎಚ್ಚರ ಅದೀನಿ, ಆ ಕಡಿಂದ ನನಗೇನೂ ಬರವಲ್ದು’ ಅಂತ ಅದು ತಾನ ಹೇಳಾಕತ್ತಿತ್ತು. ಪತ್ರ ಬರಲಿಲ್ಲ ಅಂತ ಬಾಗಲಾಗಿನ ಟಪಾಲ ಡಬ್ಬಿ ಕಿತ್ತು ರಿಪೇರಿಗೆ ಒಯ್ಯೂ ಶಾಣ್ಯಾತನ ನಮ್ಮದು.

ಪಡದೆ ಬದುಕೈತೋ ಇಲ್ಲೋ ನೋಡಾಕ ಒಂದು ರೂಪಾಯಿ ಖರ್ಚಿಲ್ಲ. ಪಡದೆಗೆ ಕರೆಂಟ್ ಇರಲಿ, ಕಂಪ್ಯೂಟರಿಂದ ಬರೋ ವಾಯರ್ ಮಾತ್ರ ಹಿಂದಿಂದ ಬಿಚ್ಚಿ, ಪಡದೆಯ ಗುಂಡಿ ಒತ್ತರಿ. ‘ಕೇಬಲ್ ಇಲ್ಲ’, ‘ಸಿಗ್ನಲ್ ಇಲ್ಲ’ ಅಂತ ಏನರ ಒಂದು ಬರಹ ಮೂಡಿದ್ರ ಪಡದೆ ಛಲೋ ಐತಿ, ರೋಗ ಬ್ಯಾರೆ ಕಡೆ ಅಂತ ತಿಳೀರಿ. ಏನೂ ಮೂಡಲಿಲ್ಲ, ಗುಂಡಿ ದೀಪಾನೂ ಹತ್ತಲಿಲ್ಲ ಅಂದ್ರ ಆವಾಗ ಪಡದೆ ಮ್ಯಾಲೆ ಅನುಮಾನ ಪಡ್ರಿ. ಅದಕ್ಕೂ ಮೊದಲು ಕರೆಂಟಿನ ವಾಯರ್ ಬದಲಿ ಮಾಡಿ ನೋಡ್ರಿ.

ವಾಯರಿನ ಮಾತು ಬಂತು ಅಂದಮ್ಯಾಲೆ ಇದೊಂದು. ನೀಲಿ ಮೂತಿಯ ಹಳೇ ವಾಯರ್ ಇರತೈತಲ್ಲ, ವಿಜಿಎ ಅಂತಾರ, ಅದರ ಎರಡೂ ಕಡೆ ಸಣ್ಣ ತಿರುಪು ಇರ್ತಾವ. ಅವನ್ನ ಯಾರೂ ತಿರುವಂಗಿಲ್ಲ, ಸುಮ್ಮನ ತುರುಕಿ ಬಿಡ್ತಾರ. ಕಸಾ ಹೊಡಿಯೋವಾಗ ಪೊರಕಿ ತಾಗಿದ್ರ ಸಾಕು, ಸಡಲ ಆಗತೈತಿ. ಮತ್ತ ಪಡದೆ ಹಿಂದ ಎರಡು-ಮೂರು ತೂತು ಇದ್ರ, ಯಾವ ತೂತಿನಿಂದ ಚಿತ್ರ ತಗೋಬೇಕು ಅಂತ ಪಡದೆಗೂ ಹೇಳಬೇಕಾಗತೈತಿ. ಸಣ್ಣ ಹುಡುಗ್ರು ಆಡ್ತಾ ಆ ಗುಂಡಿ ಒತ್ತಿ ಎಚ್‌ಡಿಎಂಐ ಮಾಡಿಟ್ಟಿರ್ತಾರ, ನಾವು ವಿಜಿಎ ಹಚ್ಚಿ ಕಾಯ್ಕೋತ ಕುಂತಿರ್ತೀವಿ. ಗುಡಗೇರಿಯ ನಮ್ಮ ಸಂಬಂಧಿಕರ ಮನ್ಯಾಗ ಇನ್ನೊಂದು ತಮಾಷಿ ಆಗಿತ್ತು. ಹುಡುಗ ಆಟಾ ಆಡಾಕ ಅಂತ ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದ. ವಾಯರ್ ಮಾತ್ರ ಹಳೇ ತೂತಿಗೇನ ಚುಚ್ಚಿ ಎರಡು ದಿನ ತಲಿ ಕೆಡಿಸಿಕೊಂಡ. ಕಾರ್ಡ್ ಹಾಕಿದಮ್ಯಾಲೆ ಚಿತ್ರ ಬರೂದು ಕಾರ್ಡಿನ ತೂತಿನಿಂದ. ಮನಿಗೆ ಹೊಸ ಬಾಗಲ ಹಚ್ಚಿ, ಹಳೇ ಬಾಗಲ ಮುಂದ ನಿಂತು ಕರದಂಗ.

ನಮ್ಮ ಕಂಪ್ಯೂಟರಿನ್ಯಾಗ ಇವು ಯಾವೂ ಅಲ್ಲ. ಮಗಳು ಮಗ್ಗಲ ಮನಿಯಿಂದ ಪಡದೆ ತಂದು ಹಚ್ಚಿದ್ಲು, ಅದೂ ಕಪ್ಪು. ಸರಿ, ನಮ್ಮ ಮನಿಯವರು ಡಬ್ಬಿನ ಗೋಣಿಚೀಲದಾಗ ಸುತ್ತಿ ಬಸ್ಸಿನ್ಯಾಗ ಹುಬ್ಬಳ್ಳಿಗೆ ಒಯ್ದ್ರು. ಆ ಡಬ್ಬಿಗೆ ನಾವೆಲ್ಲಾ ಸಿಪಿಯು ಅಂತೀವಿ. ಖರೇ ಅಂದ್ರ ಸಿಪಿಯು ಅಂದ್ರ ಅದರೊಳಗಿನ ಒಂದು ಸಣ್ಣ ಚಚ್ಚೌಕ ತುಣುಕಂತ. ಇರಲಿ, ಊರೆಲ್ಲಾ ಅಂದಂಗ ನಾನೂ ಅಂತೀನಿ.

ಈಗ ಅಸಲಿ ಮಾತಿಗೆ ಬಂದೆ. ಮೊದಲನೇ ಅಂಗಡಿಯವ ಅಂದ: ‘ಬಿಚ್ಚಿ ನೋಡಾಕ ಮುನ್ನೂರು ರೂಪಾಯಿ. ರಿಪೇರಿ ಆಗಲಿ ಬಿಡಲಿ, ನೋಡಿದ್ದಕ್ಕ ಮುನ್ನೂರು.’ ನಮ್ಮ ಮನಿಯವ್ರಿಗೆ ಸಿಟ್ಟು ನೆತ್ತಿಗೇರಿತು. ‘ಏನ್ ಕೆಟ್ಟೈತಿ ಅಂತ ಹೇಳಾಕೂ ರೊಕ್ಕ ಏನ? ಬಜಾರಿನ್ಯಾಗ ಇನ್ನು ಕಣ್ಣಿಂದ ನೋಡಿದ್ರೂ ರೊಕ್ಕ ಕೇಳ್ತೀರಿ’ ಅಂದು ಎದ್ದು ಬಂದ್ರು. ಎರಡನೇ ಅಂಗಡಿ. ಅಲ್ಲೆ ನೋಡೂದು ಪುಕ್ಕಟೆ. ಚಾ ಸೈತ ತರಿಸಿಕೊಟ್ರಂತ. ಗುಂಡಿ ಒತ್ತಿದ್ರು, ಫ್ಯಾನ್ ತಿರುಗೂದು ನೋಡಿದ್ರು, ಪಡದೆ ನೋಡಿದ್ರು, ಐದು ನಿಮಿಷದಾಗ ತೀರ್ಪು: ‘ಬೋರ್ಡ್ ಹೋಗೈತ್ರಿ. ಈ ಹಳೇ ಬೋರ್ಡ್ ಈಗ ಎಲ್ಲೂ ಸಿಗಂಗಿಲ್ಲ. ಹೊಸಾದು ಇಪ್ಪತ್ತೆರಡು ಸಾವಿರಕ್ಕ ಕೊಡ್ತೀವಿ. ಇದನ್ನ ಇಲ್ಲೇ ಬಿಟ್ರ ಒಂದೂವರಿ ಸಾವಿರ ಕಡಿಮಿ ಮಾಡ್ತೀವಿ.’ ಮಗ್ಗಲಿನ ಪತ್ರಾ ತಿರುಪು ಬಿಚ್ಚಿ ಒಳಗ ಇಣುಕಲೇ ಇಲ್ಲ.

ನಮ್ಮ ಮನಿಯವರು ಎರಡು ಸಾವಿರ ಅಂದ್ರು. ಅವ ಒಂದೂವರಿಗೆ ಅಂಟಿಕೊಂಡ. ಐದನೂರು ರೂಪಾಯಿ ಹಟಕ್ಕ ಡಬ್ಬಿ ತಿರುಗಿ ಗೋಣಿಚೀಲದಾಗ ಕುಂದಗೋಳಕ್ಕ ಬಂತು. ಆ ಐದನೂರರ ಜಿಪುಣತನ ಇರದಿದ್ರ ನಲವತ್ತಮೂರು ಹಾಡು ಹುಬ್ಬಳ್ಳಿ ಅಂಗಡಿ ಹಿಂದಿನ ಹಳೇ ಸಾಮಾನಿನ ರಾಶ್ಯಾಗ ಬಿದ್ದಿರ್ತಿದ್ವು. ಹಾರ್ಡ್ ಡಿಸ್ಕ್ ಬಿಚ್ಚಿ ಕೊಡ್ರಿ ಅಂತ ಕೇಳೂ ತಿಳವಳಿಕಿ ಅವ್ರಿಗೂ ಇರಲಿಲ್ಲ, ಬಿಚ್ಚಿ ಕೊಡ್ತೀವಿ ಅನ್ನೂ ಮನಸ್ಸು ಇವ್ರಿಗೂ ಇರಲಿಲ್ಲ.

ಇಪ್ಪತ್ತೆರಡು ಸಾವಿರ ಎಲ್ಲಿಂದ ತರೂದು ಅಂತ ಎರಡು ದಿನ ಮನ್ಯಾಗ ಅದ ಮಾತು. ನಾಕನೇ ದಿನ ಸಂಜಿಮುಂದ ಮಗಳು ಸುಮ್ಮನ ಇನ್ನೊಮ್ಮೆ ಹಚ್ಚಿ ನೋಡಿದ್ಲು. ಮನಿ ಶಾಂತ ಇತ್ತು. ಟಿವಿ ಬಂದ್, ಹಮಾಲರಿಲ್ಲ. ಕಟ್ಟಿಗೆ ಆನಿಕೊಂಡು ಕುಂತಿದ್ದ ಅತ್ತಿ ಅಂದ್ರು: ‘ಯವ್ವಾ, ಅದು ಯಾಕ ಇವತ್ತ ಹಂಗ ಕೂಗಾಕತ್ತೈತಿ? ದಿನಾ ಒಂದ ಸಲ ಟೀಂವ್ ಅಂದು ಸುಮ್ಮನಾಗತಿತ್ತು. ಈಗ ಉದ್ದಕ ಕೂಗಿ, ನಿಂತು, ಮತ್ತ ಕೂಗತೈತಿ.’

ನಾವು ಕಿವಿ ಕೊಟ್ವಿ. ಖರೇ. ಫ್ಯಾನಿನ ಸಪ್ಪಳದ ಹಿಂದ ಸಣ್ಣಗ, ಉದ್ದಕ, ಬಿಟ್ಟು ಬಿಟ್ಟು ಒಂದು ಕೂಗು. ನಾವು ಮೂವರು ಕಣ್ಣಿದ್ದವ್ರು ಪಡದೆ ನೋಡಿದ್ದ ನೋಡಿದ್ದು, ಒಬ್ಬರೂ ಕೇಳಿರಲಿಲ್ಲ. ಬಜಾರದ ಗದ್ದಲದಾಗ ಅಂಗಡಿಯವ್ರಿಗೂ ಕೇಳಿರಲಿಕ್ಕಿಲ್ಲ. ಸವಾಯಿ ಗಂಧರ್ವರ ಊರಾಗ ಹುಟ್ಟಿ, ನಾಡಿಗೇರ ವಾಡೆದಾಗ ರಾತ್ರಿ ಎಲ್ಲಾ ಕುಂತು ಗಾಯನ ಕೇಳಿದ ಹೆಣಮಗಳು ನಮ್ಮತ್ತಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನ್ಯಾಗ ಬಂದು ಕಿವಿ ತಿದ್ದಿಕೊಂಡು ಹೋಗತಿದ್ದ ಊರಿದು. ಇಲ್ಲಿ ಮಂದಿ ನಾವು, ಕೇಳೂದು ಬಿಟ್ಟು ಬರೇ ನೋಡಿದ್ವಿ.

ಆ ಕೂಗಿಗೆ ಅರ್ಥ ಐತಿ. ಕಂಪ್ಯೂಟರ್ ಎದ್ದ ಕೂಡಲೇ ಮೊದಲ ತನ್ನ ಕೈಕಾಲು ತಾನ ಮುಟ್ಟಿ ನೋಡಿಕೊಳ್ಳತೈತಿ, ಎಲ್ಲಾ ಅದಾವೋ ಇಲ್ಲೋ ಅಂತ. 1981ರಾಗ ಐಬಿಎಂದವ್ರು ತಮ್ಮ ಮೊದಲ ಪಿಸಿ ತಂದಾಗಿಂದಾನೂ ಈ ಪದ್ಧತಿ ನಡಕೊಂತ ಬಂದೈತಿ. ಚಿತ್ರ ಮೂಡಿಸೋ ಶಕ್ತಿ ಬರೂದಕ್ಕೂ ಮೊದಲ ಏನರ ಕೆಟ್ಟಿದ್ರ, ಅದನ್ನ ಬರದು ತೋರಿಸೂದು ಹೆಂಗ? ಅದಕ್ಕ ಕೂಗತೈತಿ. ಒಂದು ಸಣ್ಣ ಕೂಗು ಅಂದ್ರ ಎಲ್ಲಾ ಸುರಳೀತ. ಬ್ಯಾರೆ ಬ್ಯಾರೆ ಕೂಗಿಗೆ ಬ್ಯಾರೆ ಬ್ಯಾರೆ ಅರ್ಥ. ಬೋರ್ಡ್ ಮಾಡಿದ ಕಂಪನಿ ಬದಲಾದ್ರ ಅರ್ಥಾನೂ ಬದಲಾಗತೈತಿ, ಅದಕ್ಕ ಬೋರ್ಡಿನ ಹೆಸರು ನೋಡಿ ಹುಡುಕಬೇಕು. ಉದ್ದಕ ಬಿಟ್ಟು ಬಿಟ್ಟು ಕೂಗಿದ್ರ ಭಾಳ ಬೋರ್ಡಿನ್ಯಾಗ ಅದು ರ್‍ಯಾಮಿನ ತಕರಾರು. ಕೆಲವು ಹೊಸ ಯಂತ್ರಕ್ಕ ಕೂಗೂ ಬಾಯೇ ಇರಂಗಿಲ್ಲ, ಸಣ್ಣ ದೀಪ ಮಿಣುಕಿಸಿ ಹೇಳ್ತಾವ. ಏನೂ ಹೇಳದ ಮೂಕ ಯಂತ್ರನೂ ಅದಾವ. ನಮ್ಮದು ಹಳೇದಿತ್ತು ಅಂತ ಬಚಾವ್.

ರ್‍ಯಾಮ್ ಕೆಟ್ರ ಚಿತ್ರ ಯಾಕ ಬರಂಗಿಲ್ಲ ಅಂತ ನನಗೂ ಮೊದಲ ತಿಳಿದಿರಲಿಲ್ಲ. ಮಗಳು ತಿಳಿಸಿ ಹೇಳಿದಮ್ಯಾಲೆ ನನ್ನ ತಲ್ಯಾಗ ಅದು ಹಿಂಗ ಕುಂತೈತಿ. ಹಾರ್ಡ್ ಡಿಸ್ಕ್ ಅಂದ್ರ ಹಗೇವು. ಜ್ವಾಳ ಅದರಾಗ ವರ್ಷಗಟ್ಟಲೆ ಇರತೈತಿ. ರ್‍ಯಾಮ್ ಅಂದ್ರ ರೊಟ್ಟಿ ಬಡಿಯೋ ಹಲಗಿ. ಹಗೇದಾಗ ಎಷ್ಟ ಜ್ವಾಳ ಇದ್ರೂ ಹಲಗಿ ಇಲ್ಲದ ರೊಟ್ಟಿ ಇಲ್ಲ, ಹಿಟ್ಟು ಹಚ್ಚಾಕೇ ಜಾಗಾ ಇಲ್ಲ. ಹಂಗ ಹಲಗಿ ಮುರದ್ರ ಹಗೇದಾಗಿನ ಜ್ವಾಳ ಕೆಟ್ಟೈತಿ ಅಂತಾನೂ ಅಲ್ಲ. ಈ ಎರಡನೇ ಮಾತು ಎಲ್ಲಾ ಮನಿಯವ್ರಿಗೂ ಗೊತ್ತಾಗಬೇಕು. ಪಡದೆ ಕಪ್ಪಾದ್ರ ಫೋಟೋ ಹೋದ್ವು, ಲೆಕ್ಕ ಹೋದ್ವು ಅಂತ ಅತ್ತು, ಸಿಟ್ಟಿಲೆ ಡಬ್ಬಿ ಮಾರಿಬಿಡೋ ಮಂದೀನ ನಾ ಕಂಡೀನಿ. ಡಬ್ಬಿ ಪೂರಾ ಸತ್ರೂ ಡಿಸ್ಕ್ ಬಿಚ್ಚಿ, ಕೆಲವು ನೂರು ರೂಪಾಯಿಯ ಒಂದು ವಾಯರಿಗೆ ಹಚ್ಚಿ, ಬ್ಯಾರೆ ಕಂಪ್ಯೂಟರಿನ್ಯಾಗ ಎಲ್ಲಾ ತಕ್ಕೋಬಹುದು. ಡಿಸ್ಕೇ ಕೆಟ್ಟಿದ್ರ ಮಾತ್ರ ಆ ಕತಿ ಬ್ಯಾರೆ.

ಆ ರಾತ್ರಿ ಊಟಾ ಆದಮ್ಯಾಲೆ ನಾನೂ ಮಗಳೂ ಡಬ್ಬಿ ಬಿಚ್ಚಿದ್ವಿ. ಅಂಜಿಕಿ ಇತ್ತು, ಸುಳ್ಳ ಯಾಕ ಹೇಳಲಿ. ಕರೆಂಟಿನ ವಾಯರ್ ಕಿತ್ತು ದೂರ ಇಟ್ವಿ. ಕಿತ್ತಮ್ಯಾಲೂ ಒಳಗ ಒಂಚೂರು ಕರೆಂಟ್ ಉಳಕೊಂಡಿರತೈತಿ ಅಂತ ಗುಂಡಿನ ಹದಿನೈದು ಸೆಕೆಂಡ್ ಒತ್ತಿ ಹಿಡದ್ವಿ. ನೈಲಾನ್ ಸೀರಿ ಬದಲಿ ಮಾಡಿ ಹತ್ತಿ ಸೀರಿ ಉಟ್ಟೆ. ಇದು ಮಡಿ ಅಲ್ರಿ. ನೈಲಾನ್ ತಿಕ್ಕಿದ್ರ ಚಟ್ ಅಂತ ಕಿಡಿ ಬರತೈತಲ್ಲ, ಆ ಕಿಡಿ ಸಾಕಂತ ಒಳಗಿನ ನಾಜೂಕ ಸಾಮಾನು ಸುಡಾಕ. ಮುಟ್ಟೂದಕ್ಕಿಂತ ಮೊದಲ ಡಬ್ಬಿಯ ಬಣ್ಣ ಇಲ್ಲದ ಪತ್ರಾ ಒಮ್ಮೆ ಮುಟ್ಟಿದ್ರ ಮೈಯಾಗಿನ ಕರೆಂಟ್ ಇಳೀತೈತಿ. ಒಳಗ ಇನ್ನೊಂದು ಮುಚ್ಚಿದ ಡಬ್ಬಿ ಇರತೈತಿ, ಕರೆಂಟಿನ ವಾಯರ್ ಚುಚ್ಚೂದು ಅದಕ್ಕ. ಅದನ್ನ ಮಾತ್ರ ಯಾರೂ ಬಿಚ್ಚಬ್ಯಾಡ್ರಿ. ವಾಯರ್ ತಗದಮ್ಯಾಲೂ ಅದು ಹೊಡಿಯೂ ಅಂಥಾದ್ದು. ಇದು ತಮಾಷಿ ಮಾತಲ್ಲ.

ಮಗ್ಗಲಿನ ಪತ್ರಾ ತಗದ್ರ, ಅಬ್ಬಾ! ಅದು ಕಂಪ್ಯೂಟರೋ ನಮ್ಮ ಹೊಲದ ಬದುವೋ! ಎರಿ ಮಣ್ಣಿನ ಧೂಳಿನ ಮ್ಯಾಲೆ ಹತ್ತಿ ಎಳಿ ಹಾಸಿಗಿ ಹಾಸಿತ್ತು, ಅದರ ಮ್ಯಾಲೆ ಮೆಣಸಿನಕಾಯಿ ಕೆಂಪು ಪುಡಿ. ಮಗಳು ಸೀನಿದ್ಲು, ನಾನೂ ಸೀನಿದೆ, ಹೊರಗಿಂದ ಅತ್ತಿ ‘ಏನ್ ಸಿಕ್ತು?’ ಅಂದ್ರು. ಬಾಯಿಲೆ ಊದಬಾರ್ದು, ಉಗುಳು ಸಿಡೀತೈತಿ. ಮಗಳ ಹಳೇ ಬಣ್ಣದ ಬ್ರಶ್ ತಗೊಂಡು, ಫ್ಯಾನ್ ತಿರುಗದಂಗ ಬೆರಳಿಲೆ ಹಿಡಿದು, ಮೆಲ್ಲಕ ಜಾಡಿಸಿದ್ವಿ.

ರ್‍ಯಾಮ್ ಅಂದ್ರ ಗೇಣಿಗಿಂತ ಸಣ್ಣ ಎರಡು ಹಸರು ಪಟ್ಟಿ, ಪ್ರತಿ ಪಟ್ಟಿ ಎರಡೂ ತುದೀಗೆ ಚಿವುಟಿ ಹಿಡಿದಂಗ ಒಂದೊಂದು ಕೊಂಡಿ. ಒಂದು ಪಟ್ಟಿಯ ಒಂದು ಕೊಂಡಿ ಬಿಟ್ಟುಕೊಂಡಿತ್ತು. ದಬಕ್ಕನ ಇಳಿಸಿದ್ದು ನೆನಪಾತು. ಎರಡನ್ನೂ ತಗದ್ವಿ. ಕೆಳಗಿನ ಅಂಚಿನ್ಯಾಗ ಬಂಗಾರದ ಬಣ್ಣದ ಹಲ್ಲು ಇರ್ತಾವ. ಅವಕ್ಕ ತೆಳ್ಳಗ ಖರೇ ಬಂಗಾರದ ನೀರ ಹೊಡದಿರ್ತಾರ, ತುಕ್ಕು ಹಿಡೀಬಾರ್ದಂತ. ತುಕ್ಕು ಹಿಡಿಯದಿದ್ರೂ ಜಿಡ್ಡು, ಧೂಳು ಕುಂದರತೈತಿ. ಪೆನ್ಸಿಲ್ ಅಳಸೋ ಮೆತ್ತನ ಬಿಳೇ ರಬ್ಬರಿಲೆ ಹಗೂರಕ ನಾಕು ಸಲ ತಿಕ್ಕಿ, ರಬ್ಬರಿನ ಪುಡಿ ಜಾಡಿಸಿ, ಬೆರಳು ಹಲ್ಲಿಗೆ ತಾಗದಂಗ ತಿರುಗಿ ಕುಂದರಿಸಿದ್ವಿ. ಎರಡೂ ಕಡೆ ಟಕ್ ಟಕ್ ಅನ್ನೂ ತನಕ.

ಹಚ್ಚಿದ್ವಿ. ಬರಲಿಲ್ಲ!

ಆ ಗಳಿಗಿಗೆ ನಾ ಖರೇನ ಹಾರಿಬಿಟ್ಟಿದ್ದೆ. ಮಗಳು ಬಿಡಲಿಲ್ಲ. ಮತ್ತ ಕರೆಂಟ್ ಕಿತ್ತು ಒಂದು ಪಟ್ಟಿ ತಗದು ಒಂದ ಇಟ್ಲು. ಕೂಗು. ಅದನ್ನ ತಗದು ಇನ್ನೊಂದನ್ನ ಇಟ್ಲು. ಕೂಗು. ಎರಡನೇದನ್ನ ಮಗ್ಗಲಿನ ಸಂದಿಗೆ ಹಾಕಿದ್ಲು. ‘ಟೀಂವ್.’ ಒಂದ ಸಲ. ಹೊರಗಿಂದ ಅತ್ತಿ ಅಂದ್ರು: ‘ಹಾಂ, ಈಗ ಬರೋಬ್ಬರಿ ಕೂಗಿತು ನೋಡ್ರಿ.’ ಪಡದೆ ಮ್ಯಾಲೆ ಇನ್ನೂ ಏನೂ ಬಂದಿರಲಿಲ್ಲ. ಎರಡು ಉಸಿರು ಆದಮ್ಯಾಲೆ ಬಿಳೇ ಅಕ್ಷರ ಮೂಡಿದ್ವು. ಒಂದು ಪಟ್ಟಿ ಛಲೋ, ಒಂದು ಸಂದಿ ಛಲೋ. ಇನ್ನೊಂದು ಸಂದಿ ಹೋಗೈತಿ, ಮೊದಲನೇ ಪಟ್ಟಿ ಕತಿ ಇನ್ನೂ ನೋಡಿಲ್ಲ. ಅರ್ಧ ಹಲಗಿ ಮ್ಯಾಲೆ ಸಣ್ಣ ರೊಟ್ಟಿ ಬಡೀತೈತಿ ಈಗ ನಮ್ಮ ಕಂಪ್ಯೂಟರ್, ಒಂಚೂರು ಮೆಲ್ಲಕ.

ತಾರೀಖು ಮಾತ್ರ ಹಿಂದ ಹೋಗಿತ್ತು, 2009 ಅಂತ ತೋರಸಾಕತ್ತಿತ್ತು. ಇಂಟರ್ನೆಟ್ ತಗದ್ರ ‘ಇದು ಸುರಕ್ಷಿತ ಅಲ್ಲ’ ಅಂತ ಪ್ರತಿ ಪುಟಾನೂ ಹೆದರಿಸತಿತ್ತು. ಬೋರ್ಡಿನ ಮ್ಯಾಲೆ ನಾಣ್ಯದಂಥಾ ಒಂದು ಸೆಲ್ ಇರತೈತಿ, ಸಿಆರ್ 2032 ಅಂತ, ಮೂರು ವೋಲ್ಟಿಂದು. ಕರೆಂಟ್ ಇರದಾಗ ಗಡಿಯಾರ ನಡಸೂದು ಅದು. ಬಸ್ ಸ್ಟ್ಯಾಂಡ್ ಹತ್ರ ಗಡಿಯಾರದ ಅಂಗಡ್ಯಾಗ ನಲವತ್ತು ರೂಪಾಯಿ. ಇಷ್ಟ ನೋಡ್ರಿ ಒಟ್ಟು ಖರ್ಚು. ಇಪ್ಪತ್ತೆರಡು ಸಾವಿರದ ಎದುರಿಗೆ ನಲವತ್ತು ರೂಪಾಯಿ, ಅರ್ಧ ರಬ್ಬರು.

ಇದನ್ನ ಕೇಳಿದವ್ರೆಲ್ಲಾ ‘ಅಂಗಡಿಯವ್ರು ಕಳ್ರು’ ಅಂತ ಅಂದು ಕೈ ತೊಳಕೊಂಡ್ರು. ನನಗ ಅಷ್ಟಕ್ಕ ಸಮಾಧಾನ ಆಗಲಿಲ್ಲ. ನಮ್ಮ ಬಳಗದಾಗ ಒಬ್ಬ ಹುಡುಗ ನಾಕು ವರ್ಷ ಹುಬ್ಬಳ್ಳ್ಯಾಗ ಕಂಪ್ಯೂಟರ್ ರಿಪೇರಿ ಮಾಡಿ, ಹೊಟ್ಟಿ ತುಂಬಲಿಲ್ಲ ಅಂತ ಬಿಟ್ಟು ಈಗ ಟ್ರ್ಯಾಕ್ಟರ್ ಹೊಡೀತಾನ. ಅವನ್ನ ಕೇಳಿದೆ. ಅವ ನಕ್ಕು ಹೇಳಿದ: ‘ಅತ್ತೀ, ತಾಸಗಟ್ಟಲೆ ಕುಂತು ಹುಡುಕಿ ರಬ್ಬರ್ ತಿಕ್ಕಿ ಚಾಲೂ ಮಾಡಿಕೊಟ್ಟು ಮುನ್ನೂರು ಕೇಳಿದ್ರ, ರಬ್ಬರ್ ತಿಕ್ಕಿದ್ದಕ್ಕ ಮುನ್ನೂರಾ ಅಂತ ಜಗಳಾ. ಬೋರ್ಡ್ ಹೋಗೈತಿ, ನಾಕು ಸಾವಿರ ಅಂದ್ರ ಮಾತಿಲ್ಲದ ಎಣಿಸಿ ಕೊಡ್ತಾರ. ಕೈಯಾಗ ಒಂದು ಸಾಮಾನು ಕಂಡ್ರ ರೊಕ್ಕ ಹೊರಗ ಬರತೈತಿ.’

ಈ ಮಾತು ನನ್ನ ಎದಿಗೆ ನಟ್ಟಿತು. ನಾವು ಸಾಮಾನಿಗೆ ರೊಕ್ಕ ಕೊಡ್ತೀವಿ, ನೋಡಿದ್ದಕ್ಕ ಕೊಡಂಗಿಲ್ಲ. ಅದಕ್ಕ ಅವ್ರು ನೋಡೂದು ಬಿಟ್ಟು ಸಾಮಾನು ಮಾರ್ತಾರ. ಡಾಕ್ಟರ ಹತ್ರ ಹೋದ್ರ ನಾಡಿ ಹಿಡಿದು, ಎದಿ ಕೇಳಿ, ‘ಏನಿಲ್ಲ, ಬಿಸಿನೀರು ಕುಡೀರಿ’ ಅಂದ್ರೂ ಫೀ ಇಟ್ಟು ಕೈ ಮುಗದು ಬರ್ತೀವಿ. ಏನೂ ಇಲ್ಲ ಅಂದ್ರಲ್ಲ ಅಂತ ಖುಷಿನೂ ಪಡ್ತೀವಿ. ಅದ ಮಾತು ಕಂಪ್ಯೂಟರ್ ಹುಡುಗ ಹೇಳಿದ್ರ ನಮಗ ಮೋಸ ಆದಂಗ ಅನಸತೈತಿ. ಮುನ್ನೂರು ಕೇಳಿದ ಮೊದಲನೇ ಅಂಗಡಿಯವ ನಮ್ಮ ಕೂಡ ನೆಟ್ಟಗ ಮಾತಾಡಿದವ. ಚಾ ಕುಡಿಸಿ ಪುಕ್ಕಟೆ ನೋಡಿದವನ ಹತ್ರ ನಾವು ಮನಿ ಕಳಕೊಂತಿದ್ವಿ. ನಮ್ಮ ಮನಿಯವ್ರಿಗೆ ಇದನ್ನ ಹೇಳಿದ್ರ, ‘ನೀ ಅಂಗಡಿಯವನ ಪಾಲಿಗೆ ವಕೀಲಿಕಿ ಮಾಡಾಕತ್ತಿ’ ಅಂದ್ರು. ಹೌದು, ಅರ್ಧ ಮಾಡಾಕತ್ತೀನಿ.

ಇನ್ನರ್ಧ ಅವ್ರ ಮ್ಯಾಲೆ ಐತಿ. ನೋಡಿದ್ದಕ್ಕ ಇಷ್ಟು ಅಂತ ಅಂಗಡಿ ಮುಂದ ಬರದು ಹಾಕ್ರಿ, ತಕರಾರಿಲ್ಲ. ಆದ್ರ ನಮ್ಮ ಎದುರಿಗೆ ಬಿಚ್ಚರಿ. ಬೋರ್ಡ್ ಹೋಗೈತಿ ಅಂದ್ರ ಎಲ್ಲಿ ಹೋಗೈತಿ ತೋರಿಸ್ರಿ. ಖರೇನ ಹೋದ ಬೋರ್ಡೂ ಇರ್ತಾವ. ಸಣ್ಣ ಡಬ್ಬಿಯಂಥಾ ಕ್ಯಾಪಾಸಿಟರ್ ನೆತ್ತಿ ಪೂರಿ ಉಬ್ಬಿದಂಗ ಉಬ್ಬಿರತೈತಿ, ಒಮ್ಮೊಮ್ಮೆ ಕಂದು ರಸ ಸೋರಿರತೈತಿ, ಸುಟ್ಟ ವಾಸನಿ ಇರತೈತಿ. ಅದನ್ನ ಯಾರ ಕಣ್ಣಿಗಾದ್ರೂ ತೋರಸಬಹುದು. ಹಳೇ ಡಬ್ಬಿ ಬದಲಿಗೆ ತಗೊಂತೀವಿ ಅಂದ್ರ, ಕೈಗೆ ರೊಕ್ಕ ಕೊಡೂದಕ್ಕಿಂತ ಮೊದಲ ಡಿಸ್ಕ್ ಬಿಚ್ಚಿ ಕೈಗೆ ಕೊಡ್ರಿ. ಮಂದಿ ಮನಿ ಹಗೇವು ಅದು. ಮದುವಿ ಫೋಟೋ, ಬ್ಯಾಂಕಿನ ಕಾಗದ ಇರ್ತಾವ ಅದರಾಗ.

ದಿಲ್ಲಿಯ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈದಾಗ ‘ದುರಸ್ತಿ ಹಕ್ಕು’ ಅಂತ ಒಂದು ಸಮಿತಿ ಮಾಡೈತಿ. ಒಕ್ಕಲುತನದ ಯಂತ್ರ, ಮೊಬೈಲು-ಎಲೆಕ್ಟ್ರಾನಿಕ್ಸು, ಮನಿ ಬಳಕಿ ಸಾಮಾನು, ಗಾಡಿ, ಈ ನಾಕು ಬಾಬತ್ತಿನ್ಯಾಗ ಕಂಪನಿಯವ್ರು ಬಿಡಿಭಾಗದ ಮಾಹಿತಿ, ಕೈಪಿಡಿ ಕೊಡಬೇಕು ಅನ್ನೂದು ಅದರ ತಿರುಳು. ಛಲೋ ಮಾತು. ಟ್ರ್ಯಾಕ್ಟರ್ ಇದ್ದವ್ರಿಗೆ ಉಪಯೋಗ ಆಗಲಿ. 2023ರ ಏಪ್ರಿಲ್ 1ರಿಂದ ಇ-ತ್ಯಾಜ್ಯದ ಹೊಸ ನಿಯಮಾನೂ ಜಾರಿಗೆ ಬಂದಾವ, ಕಂಪ್ಯೂಟರನ್ನ ಕಂಡಲ್ಲಿ ಒಗಿಯೂ ಹಂಗಿಲ್ಲ. ದಪ್ಪ ಹೊಟ್ಟಿಯ ಹಳೇ ಪಡದೆಗಳ ಗಾಜಿನ್ಯಾಗ ಸೀಸಾ ಇರತೈತಿ. ಅಂಥಾವು ಹಳ್ಳದ ದಂಡಿ ಮ್ಯಾಲೆ ಒಡದು ಬಿದ್ದಿದ್ದನ್ನ ನಾನ ನೋಡೀನಿ. ಆದ್ರ ಯಾವ ಹಕ್ಕು ಬಂದ್ರೂ, ಹುಡುಕಿ ನೋಡೂ ಕೈಗೆ ಕೂಲಿ ಸಿಗಲಿಲ್ಲ ಅಂದ್ರ ಹುಡುಕೋರು ಉಳಿಯಂಗಿಲ್ಲ. ನಮ್ಮ ಬಳಗದ ಹುಡುಗ ಉಳೀಲಿಲ್ಲ.

ಲ್ಯಾಪ್‌ಟಾಪ್ ಇದ್ದವ್ರು ನಮಗೇನು ಅಂತ ಕೇಳಬಹುದು. ನಮ್ಮ ಓಣಿ ಟೀಚರ ಲ್ಯಾಪ್‌ಟಾಪ್ ಹಿಂಗ ಆಗಿತ್ತು. ಕತ್ತಲಿ ಖೋಲ್ಯಾಗ ಪಡದೆ ಮ್ಯಾಲೆ ಬ್ಯಾಟರಿ ಓರಿ ಮಾಡಿ ಹಿಡಿದ್ರ ಒಳಗ ಮಸಕ ಮಸಕ ಚಿತ್ರ ಕಾಣತಿತ್ತು. ಅಂದ್ರ ಚಿತ್ರ ಐತಿ, ಹಿಂದಿನ ದೀಪ ಹೋಗೈತಿ. ಟಿವಿಗೆ ಎಚ್‌ಡಿಎಂಐ ವಾಯರ್ ಹಚ್ಚಿದ್ರ ಪೂರಾ ಕಂಡಿತು, ಮಕ್ಕಳ ಅಂಕಪಟ್ಟಿ ಎಲ್ಲಾ ತಕ್ಕೊಂಡ್ರು. ದೀಪ ಹಾಕಿಸೂದು ಆಮ್ಯಾಲಿನ ಮಾತು. ಕೆಲವೊಮ್ಮೆ ಏನೂ ಕೆಟ್ಟಿರಂಗಿಲ್ಲ, ವಿಂಡೋಸ್ ಗುಂಡಿ, ಕಂಟ್ರೋಲ್, ಶಿಫ್ಟ್, ಬಿ ನಾಕೂ ಕೂಡಿಸಿ ಒತ್ತಿದ್ರ ಚಿತ್ರದ ಭಾಗ ಒಮ್ಮೆ ಮೈ ಕೊಡವಿ ಏಳತೈತಿ. ಅದನ್ನೂ ಮಾಡಿ ನೋಡಬೇಕು.

ಹಾಡೆಲ್ಲಾ ಮರುದಿನಾನ ಎರಡು ಪೆನ್ ಡ್ರೈವಿಗೆ ಹಾಕಿದ್ವಿ. ಒಂದು ನಮ್ಮಲ್ಲೆ, ಒಂದು ಸಂಶ್ಯಾಗ ನಾದಿನಿ ಮನ್ಯಾಗ. ಅತ್ತೀನ ಮುಂದ ಕುಂದರಿಸಿ ಬೀಸೂ ಪದ ಹಚ್ಚಿದ್ವಿ. ಸುಮ್ಮನ ಕೇಳಿದ್ರು. ಮುಗದಮ್ಯಾಲೆ ‘ಮೂರನೇ ನುಡಿ ತಪ್ಪ ಹಾಡೀನಿ. ಅದು ಹಂಗಲ್ಲ’ ಅಂದು, ಉಸಿರು ಹಿಡಕೊಂಡು ಸರಿಯಾಗಿ ಹೇಳಿದ್ರು. ಮಗಳು ಫೋನ್ ತರಾಕ ಓಡೂದ್ರಾಗ ಹೇಳಿ ಮುಗಿಸಿಬಿಟ್ಟಿದ್ರು. ಇನ್ನೊಮ್ಮೆ ಅಂದ್ರ ‘ನಾಳೆ’ ಅಂತಾರ.

ಹೋದ ವಾರ ಮಿಕ್ಸರ್ ಕೆಟ್ಟಿತ್ತು. ನಮ್ಮ ಮನಿಯವರು ಒಯ್ದು ಬಂದು ಮುಖಾ ಉಬ್ಬಿಸಿಕೊಂಡು ಕುಂತ್ರು. ಏನಾತ್ರಿ ಅಂದೆ. ‘ಬಿಚ್ಚಿ ನೋಡಿದ, ಒಳಗ ಒಂದು ವಾಯರ್ ಬಿಟ್ಟಿತ್ತಂತ, ಹಚ್ಚಿಕೊಟ್ಟ. ನೂರು ಕೇಳಿದ’ ಅಂದ್ರು. ನೀವೇನ್ ಮಾಡಿದ್ರಿ ಅಂದೆ.

‘ಕೊಟ್ಟೆ. ಏನ್ ಮಾಡೂದು, ನೀ ಬಿಡ್ತೀಯೇನು?’